ನನ್ಯರಿ ತಿನ್ನುವಾಗ ಮಾತಾಡಬಾರದು

ನನ್ನ ಗಂಡ ಗಲ್ಫಿನಿಂದ ವಾಪಸು ಬಂದ ಮೇಲೆ ನಮ್ಮ ಮನೆಯಲ್ಲಿ ಯಾವ ವಸ್ತುವೂ ಇದ್ದಲ್ಲಿ ಇರಲಿಲ್ಲ. ಫ್ರಿಜ್ ಅಡುಗೆಮನೆಯಿಂದ ಊಟದ ಕೋಣೆಗೆ ಬಂತು, ಅಲ್ಲಿಂದ ಮೆಟ್ಟಿಲಿನ ಅಡಿಗೆ ಹೋಯಿತು. ಕಿಟಕಿಯ ಬಳಿ ಇದ್ದ ನನ್ನ ಹೊಲಿಗೆ ಮೆಷಿನ್ ಒಂದು ಮಧ್ಯಾಹ್ನ ನಾನು ಮೂಡುಬಿದಿರೆಗೆ ನೂಲು ತರಲು ಹೋಗಿ ಬರುವಷ್ಟರಲ್ಲಿ ಗೋಡೆಯ ಮೂಲೆ ಸೇರಿತ್ತು. "ಸ್ವಿಚ್ ಬೋರ್ಡ್ ಹತ್ರ ಆಗ್ತದಲ್ಲ" ಎಂದರು. ಬೆಳಕು ದೂರವಾಯಿತಲ್ಲ ಎಂದು ನಾನು ಹೇಳಿದರೆ, ಮರುದಿನ ಅಲ್ಲಿಗೊಂದು ಟ್ಯೂಬ್‌ಲೈಟ್ ಬಂತು. ಹಗಲು ಹೊತ್ತಿನಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ರವಿಕೆ ಹೊಲಿಯುವ ಯೋಗ ನನಗೆ ಬಂದದ್ದು ಹೀಗೆ.

ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳನ್ನು ಅವರು ಅಲ್ಲಿನ ದೊಡ್ಡ ಕಟ್ಟಡಗಳ ಎ.ಸಿ. ರಿಪೇರಿ ಮಾಡುತ್ತಾ ಕಳೆದಿದ್ದರು. ಯಾವುದಾದರೂ ಕೆಟ್ಟರೆ ಮಾತ್ರ ಅವರ ಕೈಗೆ ಕೆಲಸ. ಪುತ್ತಿಗೆಯ ನಮ್ಮ ಮನೆಯಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಇಲ್ಲದಿದ್ದರೆ ಏನಂತೆ, ಸರಿಯಿದ್ದುದನ್ನೇ ಬಿಚ್ಚಿ ಜೋಡಿಸುತ್ತಿದ್ದರು. ಕುಳಿತು ಪೇಪರು ಓದಲಾರರು, ನಿಂತು ಚಾ ಕುಡಿಯುತ್ತಾರೆ, ಮಲಗಿದಲ್ಲೂ ಕಾಲಿನ ಹೆಬ್ಬೆರಳು ಅಲ್ಲಾಡುತ್ತಲೇ ಇರುತ್ತದೆ. ಅವರನ್ನು ನೋಡಿ ನೋಡಿ ನನಗೂ ಅದೇ ರೋಗ ಅಂಟಿತು. ಹೊಲಿಯುತ್ತಾ ಕುಳಿತವಳು ಕಾರಣವಿಲ್ಲದೆ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದೆ.

ನಮ್ಮ ಊರಿನವರಿಗೆ ಗಲ್ಫಿನಿಂದ ಬಂದವರನ್ನು ಮಾತಾಡಿಸುವ ಒಂದು ಕ್ರಮವಿದೆ. "ಯಾವಾಗ ಬಂದದ್ದು?" ಎಂದು ಕೇಳುತ್ತಾರೆ. ಉತ್ತರ ಬರುವ ಮೊದಲೇ, ಅದೇ ಉಸಿರಿನಲ್ಲಿ, "ಯಾವಾಗ ಹೋಗುದು?" ಎಂದೂ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. ಊಟ ಆಯಿತಾ ಎನ್ನುವ ಹಾಗೆ ಅದೂ ಒಂದು. "ಇನ್ನು ಹೋಗುದಿಲ್ಲ" ಎಂದು ಇವರು ಹೇಳಿದರೆ ಎದುರಿನವರಿಗೆ ಮುಂದೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಹೀಗಾಗಿ ಕೆಲವು ದಿನಗಳಲ್ಲಿ ಇವರೇ "ನೋಡುವ" ಎನ್ನಲು ಸುರು ಮಾಡಿದರು. ಹೇಳಿ ಹೇಳಿ ಅದು ನಿಜವೇ ಆಗಿಬಿಡುತ್ತದೋ ಎಂಬ ಭಯ ನನಗೆ.

ಆ ಭಯ ನಿಜವಾಗುವ ಹಾಗೆಯೇ ಫೆಬ್ರವರಿ ತಿಂಗಳಲ್ಲೊಂದು ಫೋನ್ ಬಂತು. ಹಳೆಯ ಕಂಪೆನಿಯ ಮ್ಯಾನೇಜರು. ಅನುಭವ ಇದ್ದವರು ಬೇಕು, ಬರುವುದಾದರೆ ವೀಸಾ ಕಳಿಸುತ್ತೇನೆ, ಆದಿತ್ಯವಾರ ಪುನಃ ಫೋನ್ ಮಾಡುತ್ತೇನೆ, ಆಗ ಕೊನೆಯ ಮಾತು ಹೇಳಬೇಕು ಎಂದನಂತೆ. ಇವರು ಇದನ್ನು ನನಗೆ ತಿಳಿಸಿದ್ದು ಊಟ ಮುಗಿಸಿ ಕೈ ತೊಳೆಯುತ್ತಾ, ನಳ್ಳಿಯ ಕಡೆ ಮುಖ ಮಾಡಿ.

"ನೀವು ಎಂತ ಹೇಳಿದ್ರಿ?" ಎಂದೆ.

"ನೋಡುವ ಹೇಳಿದೆ."

ನನಗೆ ಅವರು ಹೋಗುವುದು ಬೇಡವಾಗಿತ್ತು. ಇದನ್ನು ಈಗ ಇಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಆದರೆ ಆ ದಿನ ಬಾಯಿಗೆ ಬರಲಿಲ್ಲ. ನಮ್ಮ ಕಡೆಯ ಹೆಂಗಸರು ಗಲ್ಫಿಗೆ ಹೊರಟ ಗಂಡನನ್ನು ತಡೆಯುವುದಿಲ್ಲ. ಉಪ್ಪಿನಕಾಯಿಯ ಡಬ್ಬಿ ಸೋರದ ಹಾಗೆ ಪ್ಲಾಸ್ಟಿಕ್ ಸುತ್ತಿ ಕೊಡುತ್ತಾರೆ, ಕಣ್ಣೀರು ಬಂದರೆ ಹೊಗೆಯ ಮೇಲೆ ಹಾಕುತ್ತಾರೆ. ಕೇಳದೆ ಹೇಳಬಾರದು ಎಂಬ ಹಟವೂ ನನಗೆ ಇತ್ತು. ಇರಲೋ ಹೋಗಲೋ ಎಂದು ಅವರು ಒಂದು ಮಾತು ಕೇಳಲಿ, ಆಮೇಲೆ ಹೇಳುತ್ತೇನೆ. ಅವರು ಕೇಳಲಿಲ್ಲ. ಇಬ್ಬರೂ ಮನೆಯೊಳಗೆ ಸುಮ್ಮನೆ ಅತ್ತಿಂದಿತ್ತ ತಿರುಗಿದೆವು.

ಶುಕ್ರವಾರ ಬೆಳಿಗ್ಗೆ ಅಂಗಳಕ್ಕೆ ಜೆಸಿಬಿ ಬಂತು.

ನಾನು ಹಾಲು ಒಲೆಯ ಮೇಲಿಟ್ಟವಳು ಹಾಗೆಯೇ ಹೊರಗೆ ಓಡಿದೆ. ಇವರು ಹಿತ್ತಿಲಿನ ತುದಿಯಲ್ಲಿ ನಿಂತು ಹಗ್ಗ ಎಳೆದು ಸುಣ್ಣದ ಗೆರೆ ಹಾಕುತ್ತಿದ್ದರು. ನಮ್ಮ ಹಿತ್ತಿಲಿಗೂ ಕೆಳಮನೆಯವರ ಜಾಗಕ್ಕೂ ನಡುವೆ ಒಂದು ಇಳಿಜಾರು, ಅದರಲ್ಲೊಂದು ಕಾಲುದಾರಿ. ಆ ಗೆರೆ ಸರಿಯಾಗಿ ಕಾಲುದಾರಿಯನ್ನು ಅಡ್ಡ ದಾಟಿ ಹೋಗಿತ್ತು.

"ಇದೆಂತ?"

"ಕಂಪೌಂಡಿಗೆ ಪಾಯ ತೆಗೆಯುದು. ಮೂರು ಕಡೆ ಆಗಿ ಇದೊಂದು ಬದಿ ಬಾಕಿ ಉಂಟಲ್ಲ. ಮುಗಿಸಿಬಿಡುವ."

ಮುಗಿಸಿಬಿಡುವ! ಇಲ್ಲೇ ಇರುವವನಿಗೆ ಮುಗಿಸುವ ಅವಸರ ಯಾಕೆ? ಪ್ರತಿ ಸಲ ಹೊರಡುವ ಮೊದಲೂ ಇವರು ಹೀಗೆಯೇ ಏನಾದರೊಂದು ಮುಗಿಸುತ್ತಿದ್ದರು. ಒಮ್ಮೆ ನೀರಿನ ಟ್ಯಾಂಕಿ, ಒಮ್ಮೆ ಗೇಟು, ಒಮ್ಮೆ ಕಿಟಕಿಗಳಿಗೆ ಕಬ್ಬಿಣದ ಸರಳು. ಆದಿತ್ಯವಾರ ಏನು ಉತ್ತರ ಕೊಡುತ್ತಾರೆಂದು ನನಗೆ ಆ ಸುಣ್ಣದ ಗೆರೆಯೇ ಹೇಳಿತು.

ಜೆಸಿಬಿಯ ಡ್ರೈವರು ಕೊಪ್ಪಳದ ಕಡೆಯವನು. ಯಂತ್ರದ ಕೈಯನ್ನು ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಕಾಲುದಾರಿಯಿಂದ ಕೆಳಮನೆಯ ದೊಡ್ಡಮ್ಮ ಏರಿ ಬಂದರು. ದೊಡ್ಡಮ್ಮ ಎಂದರೆ ನನಗೆ ಸಂಬಂಧಿಕರಲ್ಲ. ಪೊಳಲಿಯಿಂದ ಮದುವೆಯಾಗಿ ಬಂದು, ಈ ಮನೆ ಕಟ್ಟಿ, ಗಂಡನನ್ನು ವಿಮಾನ ಹತ್ತಿಸಿ ಒಬ್ಬಳೇ ಉಳಿದಾಗ ನನಗೆ ಸಿಕ್ಕಿದ ಹಿರಿಯರು ಅವರು. ಸೊಸೆಯ ಜೊತೆ ಇರುತ್ತಾರೆ. ಮೊಣಕಾಲಿಗೆ ಕೈ ಊರಿಕೊಂಡು ಮೇಲೆ ಬಂದವರು ಯಂತ್ರವನ್ನೊಮ್ಮೆ, ಇವರನ್ನೊಮ್ಮೆ ನೋಡಿದರು.

"ಇವತ್ತು ಎಂತ ದಿನ ಗೊತ್ತುಂಟಾ ನಿನಗೆ?"

"ಶುಕ್ರವಾರ ದೊಡ್ಡಮ್ಮ."

"ಶುಕ್ರವಾರ ನಿನ್ನ ಕ್ಯಾಲೆಂಡರಿಗೆ. ಇವತ್ತು ಕೆಡ್ಡಸ ಅಲ್ವಾ ಮಗ. ಆದಿತ್ಯವಾರದ ತನಕ ಮಣ್ಣಿಗೆ ಕೈ ಹಾಕ್ಲಿಕ್ಕಿಲ್ಲ."

ಇವರ ಮುಖ ನೋಡಬೇಕಿತ್ತು. ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾದ ದಿನಗಳು. ಮೂರು ದಿನ ನೆಲ ಅಗೆಯುವಂತಿಲ್ಲ, ಹಸಿರು ಕಡಿಯುವಂತಿಲ್ಲ. ಬಾಳೆಲೆ ಬೇಕಿದ್ದರೂ ಮೊದಲೇ ಕೊಯ್ದಿಡಬೇಕು. ಬೆಳ್ತಂಗಡಿಯ ಕಡೆಯ ಗದ್ದೆ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾಯಿತು. ಅಷ್ಟು ವರ್ಷ ಮರಳಿನ ನಾಡಿನಲ್ಲಿದ್ದವರಿಗೆ ನೆಲಕ್ಕೂ ದಿನವಿದೆ ಎಂಬುದು ಮರೆತುಹೋಗಿತ್ತು. ನನಗೆ ನೆನಪಿತ್ತು. ಆದರೆ ಜೆಸಿಬಿ ಕರೆಸುವ ಸಂಗತಿ ನನ್ನಲ್ಲಿ ಹೇಳಿದ್ದರೆ ತಾನೇ ನಾನು ನೆನಪಿಸುವುದು?

ಡ್ರೈವರು ಯಂತ್ರ ನಿಲ್ಲಿಸಿ ಕೆಳಗಿಳಿದ. "ಹಂಗಾದ್ರ ಬ್ಯಾಡ್ರೀ ಸರ. ನಮ್ ಕಡೆ ಸೀಗಿ ಹುಣ್ಣಿವಿಗೆ ಭೂಮ್ತಾಯಿ ಬಸರಿ ಅಂತ ಹೊಲದಾಗ ಎಡಿ ಒಯ್ದು ಚರಗ ಚೆಲ್ತೀವ್ರಿ. ಆಕಿಗಿ ತ್ರಾಸು ಕೊಡಬಾರ್ದು" ಎಂದ. ಅವನ ಬೇರೆ ಎರಡು ಕೆಲಸಗಳನ್ನೂ ಜನ ಸೋಮವಾರಕ್ಕೆ ಮುಂದೂಡಿದ್ದರಂತೆ. ಯಾಕೆಂದು ಅವನಿಗೆ ಈಗ ತಿಳಿಯಿತು. ಯಂತ್ರವನ್ನು ನಮ್ಮ ಅಂಗಳದ ಬದಿಯಲ್ಲೇ ಬಿಟ್ಟ.

ಇವರಿಗೆ ಮಾತ್ರ ಕೈಕಾಲು ಕಟ್ಟಿಹಾಕಿದಂತಾಯಿತು. ಸುಣ್ಣದ ಗೆರೆಯ ಉದ್ದಕ್ಕೂ ಹೋಗುವುದು, ಬರುವುದು. ದೊಡ್ಡಮ್ಮ ನೋಡುವಷ್ಟು ನೋಡಿ, "ಕೆಲಸ ಬೇಕಾದ್ರೆ ನಮ್ಮಲ್ಲಿಗೆ ಬಾ. ಸೊಸೆಯ ಕೈ ಉಳುಕಿದೆ. ನನ್ಯರಿಗೆ ಅಕ್ಕಿ ಹುರಿಯಲಿಕ್ಕೆ ಜನ ಇಲ್ಲ" ಎಂದರು.

ನನ್ಯರಿ ಕೆಡ್ಡಸದ ಸಿಹಿ. ಇದಕ್ಕಿಂತ ಸಾದಾ ತಿಂಡಿ ನಮ್ಮಲ್ಲಿ ಇನ್ನೊಂದಿಲ್ಲ. ಕುಚ್ಚಲಕ್ಕಿ, ಸ್ವಲ್ಪ ಹುರುಳಿ, ಹೆಸರು, ಎಳ್ಳು, ನೆಲಗಡಲೆ. ಒಂದೊಂದನ್ನೂ ಬೇರೆ ಬೇರೆ ಹುರಿದು ಕುಟ್ಟಿ, ಬೆಲ್ಲ, ತೆಂಗಿನತುರಿ, ಒಂದಿಷ್ಟು ತುಪ್ಪ ಸೇರಿಸಿ ಕಲಸಿದರೆ ಮುಗಿಯಿತು. ಬೇಯಿಸುವುದಿಲ್ಲ, ಅಚ್ಚಿಗೆ ಹಾಕುವುದಿಲ್ಲ. ನೋಡಲು ಏನೇನೂ ಚಂದವಿಲ್ಲ. ನಾನೂ ಪ್ರತಿ ವರ್ಷ ಮಾಡುತ್ತಿದ್ದೆ, ಮಿಕ್ಸಿಯಲ್ಲಿ, ಒಂದು ಲೋಟ ಅಕ್ಕಿಯದ್ದು. ಅದು ಹಿಟ್ಟಾಗಿ ಅಂಟಿಕೊಳ್ಳುತ್ತಿತ್ತು. ನಿಂತುಕೊಂಡೇ ಎರಡು ಚಮಚ ತಿಂದು ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸುತ್ತಿದ್ದೆ.

ದೊಡ್ಡಮ್ಮನ ಹಿಂದಿನ ಜಗಲಿಯಲ್ಲಿ ಕಟ್ಟಿಗೆ ಒಲೆ, ಅದರ ಮೇಲೆ ಹುರಿಯುವ ಅಗಲ ಬಾಯಿಯ ಮಣ್ಣಿನ ಓಡು. ಇವರು ಲುಂಗಿ ಎತ್ತಿಕಟ್ಟಿ ಒಲೆಯ ಮುಂದೆ ಕುಳಿತರು. ಕುಳಿತರು ಎನ್ನುವುದೇ ನನಗೆ ವಿಶೇಷ. ಅಕ್ಕಿ ಹುರಿಯುವಾಗ ಏಳುವ ಹಾಗಿಲ್ಲ. ಕೈ ನಿಂತರೆ ಸೀದೀತು, ಆತುರಪಟ್ಟರೆ ಅರಳದೆ ಕಲ್ಲಾದೀತು. ಮೊದಲ ಪಾಲು ಸೀದೇಹೋಯಿತು. ದೊಡ್ಡಮ್ಮ ಒಂದು ಕಾಳು ಬಾಯಿಗೆ ಹಾಕಿ, "ಇದನ್ನು ಕೋಳಿಗೆ ಹಾಕುವ. ಅದೂ ತಿಂದ್ರೆ ಪುಣ್ಯ" ಎಂದರು. ಎರಡನೆಯ ಪಾಲಿಗೆ ಇವರ ಹೆಬ್ಬೆರಳು ಅಲ್ಲಾಡುವುದು ನಿಂತಿತು. ಅಕ್ಕಿ ಚಟಪಟ ಅರಳುತ್ತಾ ಬಂದಾಗ ಮುಖ ಎತ್ತಿ ನನ್ನನ್ನು ನೋಡಿದರು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಮೆಚ್ಚಿದರೆ ನನ್ನ ಸಿಟ್ಟು ಇಳಿದುಹೋದೀತು ಎಂಬ ಹೆದರಿಕೆ.

ಹುರಿದ ಕುಚ್ಚಲಕ್ಕಿಯ ವಾಸನೆ ಗುಟ್ಟು ಉಳಿಸುವುದಿಲ್ಲ. ಶನಿವಾರ ಕುಟ್ಟುವ ಹೊತ್ತಿಗೆ ದೊಡ್ಡಮ್ಮನ ಜಗಲಿ ತುಂಬಿತ್ತು. ಹತ್ತಿರದ ಮನೆಗಳ ಹೆಂಗಸರು, ಬೀಡಿ ಕಟ್ಟುವ ಮೊರವನ್ನು ಸೊಂಟಕ್ಕಾನಿಸಿಕೊಂಡೇ ಬಂದವರು, ರವಿಕೆಯ ಅಳತೆ ಕೊಡಲು ನನ್ನಲ್ಲಿಗೆ ಬಂದು ನಾನಿಲ್ಲದ್ದನ್ನು ಕಂಡು ಕಾಲುದಾರಿ ಇಳಿದವರು. ಮೆಲ್ಕಾರಿನಲ್ಲಿ ಕೆಲಸಕ್ಕಿರುವ ನನ್ನ ಮಗಳೂ ಮಧ್ಯಾಹ್ನದ ಬಸ್ಸಿನಲ್ಲಿ ಬಂದಳು. ಡ್ರೈವರು ಯಂತ್ರ ನೋಡಿಹೋಗುವ ನೆಪದಲ್ಲಿ ಬಂದವನು ಒನಕೆ ಹಿಡಿದ. ಅವನೂ ಇವರೂ ಎದುರುಬದುರು ನಿಂತು ಒರಳಿಗೆ ಒನಕೆ ಹಾಕಿದರು. ಇವರದ್ದು ಒಂದೇ ವೇಗ. ದೊಡ್ಡಮ್ಮ ಹೇಳಿಯೇಬಿಟ್ಟರು: "ಮೆಲ್ಲ ಮಾರಾಯ, ಅದು ಸಿಮೆಂಟ್ ಅಲ್ಲ. ಹಲ್ಲಿಗೆ ಸಿಕ್ಕಬೇಕು."

ಒಲೆಯ ಹತ್ತಿರ ಕೂತು ತೆಂಗಿನಕಾಯಿ ಹೆರೆಯುತ್ತಿದ್ದಾಗ ಮಗಳು ನನ್ನ ಕಿವಿಯಲ್ಲಿ ಕೇಳಿದಳು, "ಅಪ್ಪ ಯಾವಾಗ ಹೋಗುದಂತೆ?"

ಇವಳೂ! ಅವಳಿಗೆ ಅಪ್ಪನೆಂದರೆ ರಜೆಯಲ್ಲಿ ಬಂದು ಚಾಕಲೇಟು ಹಂಚಿ ಹೋಗುವ ನೆಂಟ. ಅವಳು ಅದನ್ನು ಬೇಸರದಿಂದ ಕೇಳಲಿಲ್ಲ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ ಹಾಗೆ ಕೇಳಿದಳು.

"ನನ್ನಲ್ಲಿ ಎಂತ ಕೇಳ್ತಿ? ಅವರಲ್ಲೇ ಕೇಳು."

"ನೀನು ಕೇಳಿದ್ಯಾ?"

ನಾನು ಕಾಯಿ ಹೆರೆದೆ. ಕರಟ ಕಾಣುವವರೆಗೂ ಹೆರೆದೆ.

ಬೆಲ್ಲ ಬೆರೆಸುವಾಗ ಎಲ್ಲರ ಕೈಯೂ ಪಾತ್ರೆಯೊಳಗಿತ್ತು. ಕಲಸಿ ಆದ ಮೇಲೆ ದೊಡ್ಡಮ್ಮ ಒಬ್ಬೊಬ್ಬರ ಅಂಗೈಗೂ ಒಂದೊಂದು ಹಿಡಿ ರುಚಿ ನೋಡಲು ಹಾಕಿದರು. ನನ್ಯರಿಯ ಗುಟ್ಟು ನನಗೆ ಅಲ್ಲಿ ಪುನಃ ನೆನಪಾಯಿತು. ಅದನ್ನು ಬಾಯಿಗೆ ಹಾಕಿಕೊಂಡು ಮಾತಾಡಲಾಗುವುದಿಲ್ಲ. ತರಿತರಿ ಪುಡಿ, ಒಣದು. ಬಾಯಿ ತೆರೆದರೆ ಎದುರಿನವರ ಮೇಲೆ ಹಾರುತ್ತದೆ, ನಕ್ಕರೆ ನೆತ್ತಿಗೆ ಹತ್ತುತ್ತದೆ. ಒದ್ದೆಯಾಗುವವರೆಗೆ ಮೆಲ್ಲಗೆ ಅಗಿಯಬೇಕು. ಅಷ್ಟು ಹೊತ್ತು ಆ ಗದ್ದಲದ ಜಗಲಿಯಲ್ಲಿ ಒಂದು ಮಾತಿಲ್ಲ. ಊರಿಗೆಲ್ಲ ಬಾಯಿ ಹಾಕುವ ಹೆಂಗಸರು ಗಲ್ಲ ಉಬ್ಬಿಸಿಕೊಂಡು ಒಬ್ಬರನ್ನೊಬ್ಬರು ನೋಡುತ್ತಾ ಕುಳಿತರು.

ಸಿಹಿ ಜನರನ್ನು ಕೂಡಿಸುತ್ತದೆ ಎನ್ನುತ್ತಾರೆ. ಪಾಯಸ, ಹೋಳಿಗೆಯ ಊಟದಲ್ಲಿ ನಾನು ಕಂಡದ್ದು ಬೇರೆ. ಅಲ್ಲಿ ಬಡಿಸಿದವರು ಒಂದು ಕಡೆ, ಉಂಡವರು ಇನ್ನೊಂದು ಕಡೆ, ನಡುವೆ ಬೇಕಾದಷ್ಟು ಮಾತು. ನನ್ಯರಿಯಲ್ಲಿ ಹುರಿದವರು, ಕುಟ್ಟಿದವರು, ಬರಿದೇ ನೋಡಿದವರು ಎಲ್ಲರ ಬಾಯಿಯೂ ಒಟ್ಟಿಗೆ ಮುಚ್ಚುತ್ತದೆ. ಯಾವಾಗ ಬಂದದ್ದು, ಯಾವಾಗ ಹೋಗುದು ಎಂದು ಕೇಳುವಂತಿಲ್ಲ. ಬಹುಶಃ ಅದಕ್ಕೇ ಇರಬೇಕು, ಆ ಹೊತ್ತಿನಲ್ಲಿ ಇವರು ಯಾರಿಗೂ ನೆಂಟರಂತೆ ಕಾಣಲಿಲ್ಲ.

ಆದರೆ ಬಾಯಿ ಖಾಲಿಯಾಗಲೇಬೇಕಲ್ಲ. ಸಂಜೆ ನಾನೂ ಇವರೂ ಮನೆಮನೆಗೆ ನನ್ಯರಿ ಹಂಚಲು ಹೊರಟೆವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವಿಬ್ಬರು ಒಟ್ಟಿಗೆ ಆ ದಾರಿಯಲ್ಲಿ ನಡೆದದ್ದು ಕಡಿಮೆ. ಮೊದಲ ಮನೆಯವರು ತಟ್ಟೆ ತೆಗೆದುಕೊಂಡರು, ಕುಳಿತುಕೊಳ್ಳಿ ಎಂದರು, ಇವರನ್ನು ನೋಡಿ ನಕ್ಕು ಅದೇ ಪ್ರಶ್ನೆ ಕೇಳಿದರು. ಇನ್ನೊಂದು ಮನೆ, ಅಲ್ಲೂ ಅದೇ. ದಾರಿಯಲ್ಲಿ ಎದುರಾದವರೊಬ್ಬರು ಬೈಕ್ ನಿಲ್ಲಿಸಿ, ಕಾಲೂರಿ, ಅದನ್ನೇ ಕೇಳಿ ಹೋದರು. ಇವರು ಪ್ರತಿ ಸಲ ನಕ್ಕು "ನೋಡುವ" ಎಂದರು. ಕೊನೆಯ ಮನೆಯಿಂದ ಹೊರಟಾಗ ನಗು ಇರಲಿಲ್ಲ. "ಒಬ್ಬರಾದರೂ ಇರ್ತಿಯಾ ಅಂತ ಕೇಳುದಿಲ್ಲ ನೋಡು" ಎಂದರು, ನನಗೆಂದಲ್ಲ, ದಾರಿಗೆ ಎನ್ನುವ ಹಾಗೆ. ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನಾನು ನುಂಗಿಕೊಂಡೆ. ಸುಣ್ಣದ ಗೆರೆ ಹಾಕಿದವರು ಅವರು, ನಾನಲ್ಲ.

ಆದಿತ್ಯವಾರ ಬೆಳಿಗ್ಗೆ ಭೂಮಿತಾಯಿಯನ್ನು ಮೀಯಿಸುವ ಕ್ರಮ. ದೊಡ್ಡಮ್ಮ ತುಳಸಿಕಟ್ಟೆಯ ಮುಂದೆ ಸೆಗಣಿ ಸಾರಿಸಿ, ಕನ್ನಡಿ, ಬಾಚಣಿಗೆ, ಅರಸಿನ, ಕುಂಕುಮ ಇಟ್ಟು, ನೆಲಕ್ಕೆ ಎಣ್ಣೆ ಎರೆದರು. ಸೀಗೆ ನೀರು ಹಾಕಿದರು. ಒಂದು ಹಿಡಿ ನನ್ಯರಿಯನ್ನು ಎಲೆಯಲ್ಲಿ ಬಡಿಸಿ ಕೈಮುಗಿದರು. ಆಮೇಲೆ ನಾವೆಲ್ಲ ಜಗಲಿಯಲ್ಲಿ ಕುಳಿತೆವು: ದೊಡ್ಡಮ್ಮ, ಅವರ ಸೊಸೆ, ನನ್ನ ಮಗಳು, ಡ್ರೈವರು, ನಾವಿಬ್ಬರು. ತಟ್ಟೆಗಳು ಬಂದವು. ನಾನು ತಿನ್ನುತ್ತಾ ಇವರ ಅಂಗಿಯ ಜೇಬನ್ನೇ ನೋಡುತ್ತಿದ್ದೆ. ಅಲ್ಲಿ ಫೋನ್ ಇತ್ತು.

ಅದು ರಿಂಗಾದಾಗ ಇವರ ಬಾಯಿ ತುಂಬಿತ್ತು. ಎದ್ದು, ಅಗಿಯುತ್ತಾ, ಹಲಸಿನ ಮರದ ಕಡೆಗೆ ನಡೆದರು. ಫೋನ್ ರಿಂಗಾಗಿ ನಿಂತಿತು. ಪುನಃ ರಿಂಗಾಯಿತು. ನುಂಗಿ, ಬೆನ್ನು ತಿರುಗಿಸಿ ಮಾತಾಡಿದರು. ಏನೂ ಕೇಳಿಸಲಿಲ್ಲ. "ಹಾಂಜೀ, ಹಾಂಜೀ" ಎಂಬುದು ಮಾತ್ರ ಎರಡು ಮೂರು ಸಲ ಕೇಳಿಸಿತು. ಒಪ್ಪದವರು ಹಾಂಜೀ ಎನ್ನುತ್ತಾರೆಯೇ?

ವಾಪಸು ಬಂದು ಕುಳಿತರು. ಎಲ್ಲರೂ ಅವರನ್ನು ನೋಡಿದೆವು, ಬಾಯಿ ತುಂಬ ನನ್ಯರಿ ಇದ್ದುದರಿಂದ ಯಾರಿಂದಲೂ ಕೇಳಲಾಗಲಿಲ್ಲ. ಇವರು ನನ್ನ ಕಡೆ ನೋಡದೆ ಡ್ರೈವರಿಗೆ ಹೇಳಿದರು:

"ನಾಳೆ ಬೇಗ ಬಾ. ಪಾಯ ತೆಗೆಯುವ. ಆ ದಾರಿಯ ಹತ್ರ ಮಾತ್ರ ಬಿಟ್ಟುಬಿಡು, ಇಬ್ಬರು ಒಟ್ಟಿಗೆ ನಡೆಯುವಷ್ಟು. ದೊಡ್ಡಮ್ಮನಿಗೆ ಬಂದು ಹೋಗ್ಲಿಕ್ಕೆ ಬೇಕಲ್ಲ. ಮತ್ತೆ ಇವಳು ಒಬ್ಬಳೇ ಆಗ್ತಾಳೆ."

ಗೋಡೆಯಲ್ಲಿ ದಾರಿ ಬಿಟ್ಟರೆಂದು ನಾನು ಸಂತೋಷಪಡಬೇಕಿತ್ತೇನೋ. ಎರಡು ದಿನ ಈ ಜಗಲಿಯಲ್ಲಿ ಕುಳಿತು ಅವರಿಗೆ ಒಂದು ವಿಷಯ ತಿಳಿದಿತ್ತು, ತಾನಿಲ್ಲದ ವರ್ಷಗಳಲ್ಲಿ ನನ್ನನ್ನು ನೋಡಿಕೊಂಡದ್ದು ಕಿಟಕಿಯ ಸರಳುಗಳಲ್ಲ ಎಂದು. ಅದಕ್ಕೆ ದಾರಿ ಬಿಟ್ಟು ಹೊರಟಿದ್ದಾರೆ. ಹೊರಟಿದ್ದಾರೆ! ನನ್ನ ಹಟ, ಮಾನ, ಕ್ರಮ ಎಲ್ಲ ಆ ಕ್ಷಣ ಎಲ್ಲಿಗೆ ಹೋದವೋ.

"ಹೋಗ್ಬೇಡಿ" ಎಂದೆ.

ಹಾಗೆ ಹೇಳಿದೆ ಎಂದು ನನಗೆ ಮಾತ್ರ ಗೊತ್ತು. ಬಾಯಲ್ಲಿದ್ದ ಪುಡಿಯೆಲ್ಲ ಹಾರಿ ಇವರ ಲುಂಗಿಯ ಮೇಲೆ ಬಿತ್ತು. ಮಗಳು ಕಿಸಕ್ಕೆಂದಳು, ಸೊಸೆಗೆ ಕೆಮ್ಮು ಬಂತು, ಡ್ರೈವರು ಮುಖ ತಿರುಗಿಸಿದ.

"ಎಂತ?" ಎಂದರು ಇವರು.

ನಾನು ಕಷ್ಟಪಟ್ಟು ನುಂಗಿದೆ. "ಹೋಗ್ಬೇಡಿ ಅಂತ ಹೇಳಿದ್ದು. ನನಗೆ ನೀವು ಇಲ್ಲಿ ಬೇಕು. ದಿನಾ ಜಗಳ ಆದ್ರೂ ಅಡ್ಡಿಲ್ಲ."

ಯಾರೂ ನಗಲಿಲ್ಲ. ದೊಡ್ಡಮ್ಮ ತಟ್ಟೆಯನ್ನು ಕೆಳಗಿಟ್ಟರು. ಇವರು ಲುಂಗಿಯ ಮೇಲಿನ ಪುಡಿಯನ್ನು ಕೊಡವದೆ, ಅಲ್ಲೇ ಕುಳಿತು ಜೇಬಿನಿಂದ ಫೋನ್ ತೆಗೆದು ಮ್ಯಾನೇಜರಿಗೆ ಮಾಡಿದರು. ಈ ಸಲ ಮರದ ಹತ್ತಿರ ಹೋಗಲಿಲ್ಲ. ನಮ್ಮೆಲ್ಲರ ಎದುರಿಗೇ, ತಮ್ಮ ಹರಕು ಹಿಂದಿಯಲ್ಲಿ, "ಸಾಬ್, ನಹೀಂ ಹೋಗಾ. ಬೀವಿ ನಹೀಂ ಛೋಡ್ತೀ" ಎಂದರು. ಆಗುವುದಿಲ್ಲ, ಹೆಂಡತಿ ಬಿಡುವುದಿಲ್ಲ ಎಂದು ತಪ್ಪೆಲ್ಲ ನನ್ನ ತಲೆಗೆ ಕಟ್ಟಿ ಫೋನ್ ಇಟ್ಟರು.

ಡ್ರೈವರು ಮೊದಲು ನಕ್ಕ. ಆಮೇಲೆ ಜಗಲಿಯೆಲ್ಲ ಮಾತಾಯಿತು. ಮಗಳು ಅಪ್ಪನ ಪಕ್ಕಕ್ಕೆ ಸರಿದು ಅವರ ತಟ್ಟೆಗೇ ಕೈ ಹಾಕಿದಳು. ಆ ಗದ್ದಲದ ನಡುವೆ ಇವರು ನನಗೆ ಮಾತ್ರ ಕೇಳುವ ಹಾಗೆ, ಸಿಟ್ಟಿಲ್ಲದೆ, ಹೇಳಿದರು:

"ಇದನ್ನು ನೀನು ಮೊದಲ ಸಲ ಹೋಗುವಾಗ ಹೇಳಿದ್ದಿದ್ರೆ ನಾನು ಆಗ್ಲೇ ಹೋಗ್ತಿರಲಿಲ್ಲ ಮಾರಾಯ್ತಿ."

ತಟ್ಟೆ ತೆಗೆದು ಅವರ ತಲೆಗೆ ಹೊಡೆಯೋಣ ಎನ್ನಿಸಿತು. ನೀವು ಕೇಳಿದ್ದಿದ್ದರೆ ನಾನು ಹೇಳುತ್ತಿದ್ದೆ ಎನ್ನಬೇಕೆನಿಸಿತು. ಮಗಳ ಮೊದಲ ಹೆಜ್ಜೆ, ಅವಳ ಜ್ವರ, ಅವಳ ಶಾಲೆಯ ಮೊದಲ ದಿನ, ನಾನು ಒಬ್ಬಳೇ ನೋಡಿದ ಅಷ್ಟೂ ಮಳೆಗಾಲಗಳು ಒಮ್ಮೆಲೇ ನೆನಪಾದವು. ಒಂದು ಮಾತಿಗೆ ಇಷ್ಟು ಬೆಲೆಯೆಂದು ಇಬ್ಬರಲ್ಲಿ ಒಬ್ಬರಿಗಾದರೂ ಗೊತ್ತಿರಬಾರದಿತ್ತೇ? ಎಲ್ಲರ ಎದುರಿಗೆ, ಸೆರಗು ಕೂಡ ಅಡ್ಡ ಹಿಡಿಯದೆ, ನಾನು ಅತ್ತೆ. ಅಳುವವರ ಹತ್ತಿರ ಇವರು ಎಂದೂ ನಿಂತವರಲ್ಲ. ನೀರು ತರುತ್ತೇನೆಂದು ಎದ್ದು ಹೋಗುತ್ತಿದ್ದರು. ಆ ದಿನ ಅವರು ಏಳಲಿಲ್ಲ.